ಭೂಗೋಳ ಸುತ್ತಿದ ಶಾಲು

“ನೆಲದ ಮೇಲೆ ಒಳದಾರಿ ಇದೆ ಅಂದ್ಮೇಲೆ ಆಕಾಶದಲ್ಲೂ ಇರಲೇಬೇಕು! ಅದನ್ನ ಕಂಡುಹಿಡಿಯೋವರೆಗೂ ಈ ಕುರ್ಚಿ ಬಿಟ್ಟು ಏಳೋದಿಲ್ಲ!”

ಮನೆಯಲ್ಲಿ ಕೂತು ಹೀಗೆ ಭೀಷಣ ಶಪಥ ಮಾಡಿದವರು ಬಸ್ ನಿಲ್ದಾಣದ ಕಂಟ್ರೋಲರ್ ಸಾಹೇಬರು. ಶಪಥ ಮಾಡಿ ಬಾಯಿ ಮುಚ್ಚುವಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂದು, ಕುರ್ಚಿ ಬಿಟ್ಟು ಅಡುಗೆಮನೆಗೆ ಓಡಬೇಕಾಯಿತು. ಆದರೂ ಶಪಥ ಶಪಥವೇ!

ನಿಲ್ದಾಣದಲ್ಲಿ ಅವರಿಗೆ ‘ಒಳದಾರಿ’ ಎಂದೇ ಹೆಸರು. ಗಾಜಿನ ಗೂಡಿನಲ್ಲಿ ಕುಳಿತು, ಮೈಕು ಹಿಡಿದು, ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಆಜ್ಞಾಪಿಸುವುದು ಅವರ ಕೆಲಸ. ಆ ಕೆಲಸದಲ್ಲಿ ಕೂದಲು ನೆರೆತ ಮೇಲೆ ಅವರಿಗೊಂದು ಜ್ಞಾನೋದಯವಾಗಿತ್ತು. “ಹೆದ್ದಾರಿ ಅಂದ್ರೆ ಹೆಡ್ಡರ ದಾರಿ. ಬುದ್ಧಿ ಇರೋವ್ನು ಒಳದಾರಿ ಹಿಡೀತಾನೆ.” ಈ ಬುದ್ಧಿಯ ಬಲದಿಂದಲೇ ಅವರು ಒಮ್ಮೆ ತಂಗಿಯ ಮನೆಗೆ ಮಧ್ಯಾಹ್ನದ ಊಟಕ್ಕೆಂದು ಹೊರಟು, ಇಟ್ಟಿಗೆ ಭಟ್ಟಿಯೊಂದನ್ನು ಬಳಸಿ, ಸ್ಮಶಾನದ ಹಿಂಬಾಗಿಲಿನಿಂದ ಹೊರಬಿದ್ದು, ತಂಗಿ ರಾತ್ರಿಯ ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ತಲುಪಿದ್ದರು.

ಈ ಸಲದ ಶಪಥಕ್ಕೆ ಕಾರಣ ಹೆಂಡತಿಯ ಅಕ್ಕ. ಹೆಂಡತಿಗೆ ಕನ್ನಡಕದ ಅಂಗಡಿ ಇತ್ತು. ಬೀದಿಯವರೆಲ್ಲ ‘ಕನ್ನಡಕದಮ್ಮ’ ಎಂದೇ ಕರೆಯುತ್ತಿದ್ದರು. ತಾಯಿಯಿಲ್ಲದ ಆಕೆಯನ್ನು ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿದ್ದು ಈ ಅಕ್ಕ. ತಂಗಿ ದಡ ಸೇರಿದ ಮೇಲೆ ಸಾಗರದಾಚೆಯ ಇನ್ನೊಂದು ಖಂಡಕ್ಕೆ ಹೋಗಿ, ಮಕ್ಕಳಿಗೆ ಈಜು ಕಲಿಸುತ್ತ ಒಬ್ಬಳೇ ಇದ್ದುಬಿಟ್ಟಿದ್ದಳು. ಮದುವೆಯ ಮಾತೆತ್ತಿದರೆ “ಆಮೇಲೆ ನೋಡೋಣ” ಅನ್ನುವಳು. ಆ ‘ಆಮೇಲೆ’ ಕೊನೆಗೂ ಬಂದಿತ್ತು, ತಲೆಯೆಲ್ಲ ಬೆಳ್ಳಗಾದ ಮೇಲೆ! ಸರಕು ಹಡಗಿನ ಅಡುಗೆಯವನೊಬ್ಬ ಈಜು ಕಲಿಯಲೆಂದು ಅವಳ ಕೊಳಕ್ಕೆ ಇಳಿದಿದ್ದ. ಈಜು ಇನ್ನೂ ಬಂದಿರಲಿಲ್ಲ. ಮದುವೆ ಮಾತ್ರ ನಿಶ್ಚಯವಾಗಿತ್ತು.

“ಶುಕ್ರವಾರ ಮಧ್ಯಾಹ್ನ ರಿಜಿಸ್ಟ್ರಾರ್ ಆಫೀಸಲ್ಲಿ ಸಹಿ,” ಅಂದಿದ್ದಳು ಅಕ್ಕ ಫೋನಿನಲ್ಲಿ. “ಶನಿವಾರ ಇವರ ಹಡಗು ಹೊರಡುತ್ತೆ. ನನ್ನ ಕಡೆ ಸಾಕ್ಷಿ ನೀನೇ. ನೀನು ಬರದಿದ್ರೆ ನಾನು ಪೆನ್ನು ಮುಟ್ಟಲ್ಲ ಕಣೇ.”

ಕನ್ನಡಕದಮ್ಮ ಫೋನಿಟ್ಟು ಅತ್ತರು, ನಕ್ಕರು, ಮತ್ತೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಪಾಸ್‌ಪೋರ್ಟು, ವೀಸಾ ಎಲ್ಲವನ್ನೂ ಸರಿಮಾಡಿಕೊಂಡು, ಅಕ್ಕನಿಗೆಂದು ಉಣ್ಣೆಯ ಶಾಲು ಹೆಣೆಯಲು ಕೂತರು. ಟಿಕೆಟ್ಟಿನ ಕೆಲಸವೊಂದನ್ನು ಗಂಡನಿಗೆ ಬಿಟ್ಟರು. ಎಡವಿದ್ದು ಅಲ್ಲೇ.

ಸಾಹೇಬರಿಗೆ ಸಂಭ್ರಮವೋ ಸಂಭ್ರಮ. ಇಷ್ಟು ವರ್ಷ ಷಡ್ಡಕ ಅನ್ನುವ ಪ್ರಾಣಿಯೇ ಇಲ್ಲದೆ ಬದುಕಿದ್ದ ಮನುಷ್ಯ! ಎದೆಯುಬ್ಬಿಸಿಕೊಂಡು ಶನಿವಾರ ಟಿಕೆಟ್ ಏಜೆನ್ಸಿಗೆ ಹೋದರು.

“ಅತಿ ಬೇಗ ತಲುಪೋದು ಯಾವ್ದಮ್ಮ?”

ಏಜೆನ್ಸಿಯ ಹುಡುಗಿ ಪರದೆ ನೋಡಿ ಹೇಳಿದಳು: “ನೇರ ವಿಮಾನ ಸರ್. ಬುಧವಾರ ಹತ್ತಿದ್ರೆ ಗುರುವಾರ ಇಳೀತೀರಿ. ವಾರಕ್ಕೊಂದೇ ಇರೋದು.”

“ನೇರ ಹೋದ್ರೆ ಬೇಗ ಅಂತ ಯಾರು ಹೇಳಿದ್ದು?”

“ಎಲ್ರೂ ಹೇಳ್ತಾರೆ ಸರ್.”

“ನಮ್ಮಲ್ಲಿ ಎಕ್ಸ್‌ಪ್ರೆಸ್ ಬಸ್ಸಿಗಿಂತ ಶಟಲ್ ಬಸ್ಸು ಮುಂಚೆ ತಲುಪಿದ್ದನ್ನ ಈ ಕಣ್ಣಾರೆ ನೋಡಿದೀನಿ!”

“ಎಕ್ಸ್‌ಪ್ರೆಸ್ಸಿಗೆ ಏನಾಗಿತ್ತು ಸರ್?”

“ಪಂಕ್ಚರ್ ಆಗಿತ್ತು. ಅದು ಬೇರೆ ವಿಷಯ.”

ಹುಡುಗಿ ತುಟಿ ಕಚ್ಚಿಕೊಂಡಳು. “ಎರಡೇ ಸೀಟು ಉಳಿದಿದೆ. ಹಿಡಿದಿಡ್ಲಾ?”

“ಬೇಡ,” ಅಂದರು ಸಾಹೇಬರು, ಯುದ್ಧಕ್ಕೆ ಹೊರಟವರಂತೆ. “ಇದಕ್ಕಿಂತ ಬೇಗದ್ದು ನಾನೇ ಹುಡುಕ್ತೀನಿ.”

ದಾರಿಯಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ಒಂದು ಭೂಗೋಳ ಕೊಂಡು ತಂದರು. ದಪ್ಪ ರಟ್ಟಿನದು, ಕುಂಬಳಕಾಯಿ ಗಾತ್ರದ್ದು. ಅದರ ಮೇಲೆ ಸಮುದ್ರಗಳು ಹಳದಿಗೆ ತಿರುಗಿದ್ದವು. ಮರುದಿನ ಭಾನುವಾರ. ಅಂಗಡಿಗೆ ಹೊಸ ಫ್ರೇಮುಗಳು ಬರುವ ದಿನವಾದ್ದರಿಂದ ಕನ್ನಡಕದಮ್ಮ ಬೆಳಗ್ಗೆಯೇ ಹೋಗಿದ್ದರು. ಮನೆ ನಿಶ್ಶಬ್ದ. ಸಂಶೋಧನೆಗೆ ಇನ್ನೇನು ಬೇಕು?

ಬೇಕಾಗಿದ್ದು ಒಂದು ದಾರ. ಗೋಳ ಗುಂಡಗಿದೆ, ಅಳತೆಪಟ್ಟಿ ಅದರ ಮೇಲೆ ಕೂರುವುದಿಲ್ಲ. ಸಾಹೇಬರು ಮೇಜಿನ ಖಾನೆ ತಡಕಿದರು, ಹೊಲಿಗೆ ಡಬ್ಬಿ ತಡಕಿದರು, ಗುಂಡುಸೂಜಿ ಸಿಕ್ಕಿತು, ದಾರ ಸಿಗಲಿಲ್ಲ. ಸೋತು ಸೋಫಾದಲ್ಲಿ ಕುಕ್ಕರಿಸಿದಾಗ, ಪಕ್ಕದ ಬುಟ್ಟಿಯ ಮುಚ್ಚಳದ ಸಂದಿನಿಂದ ನೀಲಿ ಎಳೆಯೊಂದು ಇಣುಕುತ್ತಿತ್ತು. ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು! ಇಂಥ ಉದಾರ ಮನಸ್ಸಿನ ದಾರವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಬುಟ್ಟಿಗೆ ಬೆನ್ನು ಮಾಡಿ ಕೂತು ಕೆಲಸಕ್ಕಿಳಿದರು. ತಮ್ಮ ಊರಿಗೊಂದು ಗುಂಡುಸೂಜಿ, ಅಕ್ಕನ ಊರಿಗೊಂದು ಗುಂಡುಸೂಜಿ. ಮೊದಲು ಗೋಡೆಯ ನಕ್ಷೆಯಲ್ಲಿ ನೆಟ್ಟಗೆ ಕಾಣುವ ದಾರಿಯನ್ನು ಹಿಡಿದರು: ಸಾಗರದ ಮೇಲೆ ಹಾಯಾಗಿ. ಆಮೇಲೆ ತಮಾಷೆಗೆಂದು ದಾರವನ್ನು ಬಿಗಿಯಾಗಿ ಜಗ್ಗಿದರು. ಏನಾಶ್ಚರ್ಯ! ದಾರ ತಾನಾಗಿಯೇ ಮೇಲಕ್ಕೆ ಜಾರಿ, ಭೂಮಿಯ ನೆತ್ತಿಯ ಹಿಮದ ಹತ್ತಿರ ಹೋಗಿ ನಿಂತಿತು. ನಕ್ಷೆಯಲ್ಲಿ ನೆಟ್ಟಗೆ ಕಂಡ ದಾರಿ ಗೋಳದ ಮೇಲೆ ಹೊಟ್ಟೆ ಬಿಟ್ಟುಕೊಂಡಿತ್ತು. ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿದ್ದೇ ನಿಜವಾಗಿ ಹತ್ತಿರದ್ದು!

“ಸಿಕ್ತು! ಆಕಾಶದ ಒಳದಾರಿ ಸಿಕ್ತು!” ಎಂದು ಸಾಹೇಬರು ಖಾಲಿ ಮನೆಯಲ್ಲಿ ಕೂಗಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಫೋನಿನಲ್ಲಿ ಓದುತ್ತಾ ಹೋದಂತೆ ಇನ್ನೊಂದು ಸತ್ಯ ಗೊತ್ತಾಯಿತು. ಮೋಡಗಳಿಗೂ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದಂತೆ! ಬೆನ್ನಿಗೆ ಆ ಗಾಳಿ ಸಿಕ್ಕಿದರೆ ವಿಮಾನ ಓಡುತ್ತದಂತೆ, ಎದುರಿಗೆ ಸಿಕ್ಕಿದರೆ ತೆವಳುತ್ತದಂತೆ! ಹಾಗಾದರೆ ಹಿಮದ ಕಡೆಯಿಂದ ಹೋಗುವುದೋ, ಮರುಭೂಮಿ ದಾಟಿ ಹೋಗುವುದೋ, ಭೂಮಿಯ ಬೆನ್ನ ಮೇಲಿಂದ ಸುತ್ತಿ ಗಾಳಿಯ ಹೆಗಲೇರಿ ಹೋಗುವುದೋ? ಪ್ರತಿ ದಾರಿಗೂ ಒಂದು ಎಳೆ, ಪ್ರತಿ ತಿರುವಿಗೂ ಒಂದು ಗುಂಡುಸೂಜಿ. ದಾರ ಮುಗಿಯುತ್ತಲೇ ಇರಲಿಲ್ಲ. ಸಾಹೇಬರ ಉತ್ಸಾಹವೂ ಮುಗಿಯುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಭೂಮಿ ರೇಷ್ಮೆಗೂಡಿನಂತಾಗಿತ್ತು. ಒಂದು ಸಮುದ್ರವೂ ಕಾಣುತ್ತಿರಲಿಲ್ಲ.

ಬಾಗಿಲು ತೆರೆಯಿತು. ಕನ್ನಡಕದಮ್ಮ ಚಪ್ಪಲಿ ಬಿಟ್ಟು ನೇರ ಬುಟ್ಟಿಯ ಹತ್ತಿರ ಬಂದರು. ಶಾಲು ಪೂರ್ತಿಯಾಗಿ, ಉದ್ದ ನೋಡಲೆಂದು ಅದನ್ನು ಕಡ್ಡಿಯಿಂದ ಇಳಿಸಿಟ್ಟಿದ್ದರು. ಕೊನೆಯ ಗಂಟೊಂದು ಬಾಕಿ ಇತ್ತು. ಮುಚ್ಚಳ ತೆಗೆದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ರೀ, ಶಾಲು ಎಲ್ಲಿ?”

“ಯಾವ ಶಾಲು?”

“ಈ ಬುಟ್ಟೀಲಿದ್ದ ನೀಲಿ ಶಾಲು.”

ಸಾಹೇಬರು ನಿಧಾನವಾಗಿ ಗೋಳದ ಕಡೆ ತಿರುಗಿದರು. ಗೋಳದ ಬಣ್ಣ ನೀಲಿ. ಗೋಳದಿಂದ ಹೊರಟ ಎಳೆ ಅವರ ಬೆನ್ನ ಹಿಂದಿನಿಂದ ಬುಟ್ಟಿಗೆ ಹೋಗಿತ್ತು. ಬುಟ್ಟಿಯಲ್ಲಿ ಬೆರಳಿಗೆ ಸುತ್ತುವ ಪಟ್ಟಿಯಷ್ಟು ಶಾಲು ಉಳಿದಿತ್ತು.

“ಅದು... ಭೂಮಿ ಮೇಲೇ ಇದೆ ಕಣೇ. ಎಲ್ಲೂ ಹೋಗಿಲ್ಲ.”

ಕನ್ನಡಕದಮ್ಮ ಬೈಯಲಿಲ್ಲ. ಬೈದಿದ್ದರೆ ಸಾಹೇಬರು ಬದುಕಿಕೊಳ್ಳುತ್ತಿದ್ದರು. ಸುಮ್ಮನೆ ಕೂತು, ಆ ಪಟ್ಟಿಯಷ್ಟು ಶಾಲನ್ನು ತೊಡೆಯ ಮೇಲೆ ಹರಡಿಕೊಂಡು, ಅಂಗೈಯಿಂದ ಸವರಿದರು.

“ಟಿಕೆಟ್ಟಾದ್ರೂ ಆಯ್ತಾ?” ಕೊನೆಗೆ ಕೇಳಿದರು ಆಕೆ.

“ನಾಳೆ ಬೆಳಗ್ಗೆ ಮೊದಲ ಕೆಲಸ ಅದೇ!”

ಸೋಮವಾರ ಏಜೆನ್ಸಿಯ ಬಾಗಿಲು ತೆಗೆಯುವ ಮೊದಲೇ ಸಾಹೇಬರು ಅಲ್ಲಿದ್ದರು. ಹುಡುಗಿ ಪರದೆ ನೋಡಿದಳು, ಸಾಹೇಬರ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು.

“ನೇರ ವಿಮಾನ ತುಂಬಿ ಹೋಯ್ತು ಸರ್. ಕೇಳಿದ್ನಲ್ಲ, ಹಿಡಿದಿಡ್ಲಾ ಅಂತ.”

“ಹಿಮದ ಮೇಲಿಂದ ಹೋಗೋದು?”

“ಅದೇ ಸರ್ ಹಿಮದ ಮೇಲಿಂದ ಹೋಗೋದು. ಆ ನೇರ ವಿಮಾನಾನೇ.”

ಸಾಹೇಬರು ಇಡೀ ಭಾನುವಾರ, ಇಡೀ ಶಾಲು ಸುರಿದು ಕಂಡುಹಿಡಿದ ದಾರಿಯನ್ನು ಶನಿವಾರವೇ ಈ ಹುಡುಗಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು!

“ಇನ್ನೊಂದೇ ಇರೋದು,” ಅಂದಳು ಆಕೆ. “ಮೂರು ವಿಮಾನ, ಮಧ್ಯೆ ಎರಡು ಕಡೆ ದಂಡಿಯಾಗಿ ಕಾಯ್ಬೇಕು. ನಾಳೆ ಹೊರಟ್ರೆ ಶುಕ್ರವಾರ ಬೆಳಗ್ಗೆ ತಲುಪ್ತೀರಿ. ಇದಕ್ಕಿಂತ ನಿಧಾನದ್ದು ನಮ್ಮಲ್ಲಿ ಇಲ್ಲ ಸರ್.”

ಸಾಹೇಬರು ಹೋಗುವುದಕ್ಕೂ ಬರುವುದಕ್ಕೂ ಟಿಕೆಟ್ ಕೊಂಡು, ತಲೆ ತಗ್ಗಿಸಿ ಮನೆಗೆ ಬಂದು, ವರದಿ ಒಪ್ಪಿಸಿ, ಗುಡುಗಿಗೆ ಕಾದು ನಿಂತರು. ಗುಡುಗು ಬರಲಿಲ್ಲ. ಕನ್ನಡಕದಮ್ಮನ ಮುಖ ಅರಳುತ್ತಿತ್ತು.

“ಅಷ್ಟು ಹೊತ್ತು ಕೂತೇ ಇರ್ಬೇಕಾ?”

“ಕೂತೂ ಕೂತೂ ಸೊಂಟ ಹಿಡ್ಕೊಳ್ಳುತ್ತೆ.”

“ಹಾಗಾದ್ರೆ ಶಾಲು ಆಗುತ್ತೆ ರೀ! ನೇರ ವಿಮಾನದಲ್ಲಿ ಹೋಗಿದ್ರೆ ಆಗ್ತಾನೇ ಇರಲಿಲ್ಲ!”

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ತಕ್ಷಣ ನೂಲು ಬಿಚ್ಚಿ ಉಂಡೆ ಮಾಡಲು ಹೋದರು. ಒಂದೊಂದು ಗುಂಡುಸೂಜಿಯ ಬುಡದಲ್ಲೂ ಎಳೆಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ಅವಸರದಲ್ಲಿ ಎಳೆದರೆ ಗಂಟು, ಬಿಟ್ಟರೆ ಸಿಕ್ಕು.

“ಮುಟ್ಬೇಡಿ!” ಕನ್ನಡಕದಮ್ಮ ಕೈ ತಡೆದರು. “ಭೂಮೀನೇ ಉಂಡೆ ಅಂದ್ಕೊಳ್ಳೋಣ. ನೀವು ಅದನ್ನ ತಿರುಗಿಸಿ ಬಿಚ್ತಾ ಬನ್ನಿ, ನಾನು ಹೆಣೀತಾ ಬರ್ತೀನಿ.”

ಹೀಗೆ ಮಂಗಳವಾರ ಸಂಜೆ ಕಂಟ್ರೋಲರ್ ಸಾಹೇಬರು ಭೂಮಂಡಲವನ್ನು ಎದೆಗವಚಿಕೊಂಡು ವಿಮಾನ ನಿಲ್ದಾಣ ಪ್ರವೇಶಿಸಿದರು. ಕೈಯಲ್ಲಿ ಒಂದೇ ಚೀಲ ಒಯ್ಯಬಹುದೆಂಬ ನಿಯಮ. ಭೂಮಿಯೇ ಆ ಚೀಲವಾದ್ದರಿಂದ ಉಳಿದದ್ದೆಲ್ಲ, ಗಡಿಬಿಡಿಯಲ್ಲಿ ಇಬ್ಬರ ಫೋನುಗಳೂ ಕೂಡ, ಸೂಟ್‌ಕೇಸಿಗೆ ಸೇರಿ ವಿಮಾನದ ಹೊಟ್ಟೆಗೆ ಹೋಗಿದ್ದವು. “ಭೂಮಿಗೆ ಭಾರ ಅಂತ ಸಿಟ್ಟು ಬಂದಾಗೆಲ್ಲ ಬೈತಿದ್ಯಲ್ಲ,” ಅಂದರು ಸಾಹೇಬರು ಏದುಸಿರು ಬಿಡುತ್ತ, “ಈಗ ನೋಡು, ಭೂಮೀನೇ ನನಗೆ ಭಾರ!”

ತಪಾಸಣೆಯವನು ತಡೆದ.

“ಏನಿದು?”

“ಭೂಮಿ.”

“ಒಳಗೇನಿದೆ?”

ಪ್ರಶ್ನೆ ಕೇಳಿದರೆ ಪೂರ್ತಿ ಉತ್ತರ ಕೊಡುವುದು ಸಾಹೇಬರ ಸ್ವಭಾವ. “ಕುದಿಯೋ ಲಾವಾ ಅಂತ ಓದಿದೀ—”

ಕನ್ನಡಕದಮ್ಮ ಅವರ ಕಾಲು ತುಳಿದರು. ತಡವಾಗಿತ್ತು. ಭೂಮಿ ಯಂತ್ರದೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ಕುಲುಕಿ ನೋಡಿದರು, ಮೂಸಿ ನೋಡಿದರು. ಕಡೆಗೆ ತಪಾಸಣೆಯವನು ಗುಂಡುಸೂಜಿಗಳನ್ನು ತೋರಿಸಿದ. “ಇವೇನು?”

“ಅವು ಊರುಗಳು.”

“ಊರುಗಳನ್ನೆಲ್ಲ ಇಲ್ಲೇ ಬಿಟ್ಟು ಹೋಗಿ.”

ಎಳೆ ಹರಿಯದಂತೆ ಒಂದೊಂದೇ ಊರು ಕಿತ್ತು ತಟ್ಟೆಗೆ ಹಾಕುವಷ್ಟರಲ್ಲಿ ಹಿಂದಿನ ಸಾಲಿನ ಜನ ಹಲ್ಲು ಕಡಿಯತೊಡಗಿದ್ದರು. ಕನ್ನಡಕದಮ್ಮನ ಪ್ಲಾಸ್ಟಿಕ್ ಹೆಣಿಗೆ ಕಡ್ಡಿಗಳನ್ನು ಮಾತ್ರ ಅವನು ಏನೂ ಅನ್ನದೆ ಬಿಟ್ಟ.

ವಿಮಾನ ಏರಿತು. ಕಿಟಕಿಯ ಕೆಳಗೆ ನಿಜವಾದ ಭೂಮಿ ಹಿಂದಕ್ಕೆ ಸರಿಯುತ್ತಿತ್ತು. ಸಾಹೇಬರ ತೊಡೆಯ ಮೇಲೆ ರಟ್ಟಿನ ಭೂಮಿ ತಿರುಗುತ್ತಿತ್ತು. ಕಡ್ಡಿಗಳು ಟಕಟಕ ಎನ್ನುತ್ತಿದ್ದವು. ಮೊದಲು ಒಂದು ಸಮುದ್ರ ಕಾಣಿಸಿತು. ಎರಡನೇ ವಿಮಾನದಲ್ಲಿ ಒಂದು ಮರುಭೂಮಿ ಹೊರಬಂತು. ಪಕ್ಕದ ಸಾಲಿನ ಅಜ್ಜಿಯೊಬ್ಬರು ಆಗಾಗ ಇಣುಕಿ, “ಎಲ್ಲಿಗೆ ಬಂತು?” ಎಂದು ಕೇಳುತ್ತಿದ್ದರು. ವಿಮಾನ ಎಲ್ಲಿಗೆ ಬಂತು ಎಂದಲ್ಲ, ಶಾಲು ಎಲ್ಲಿಗೆ ಬಂತು ಎಂದು!

ಎರಡನೇ ನಿಲ್ದಾಣದಲ್ಲಿ ಕಾದು ಕೂತಾಗ ಕನ್ನಡಕದಮ್ಮನ ಬೆರಳು ಸೆಟೆದುಕೊಂಡವು. ಸಾಹೇಬರು ಹಿಂಜರಿಯುತ್ತಲೇ ಕೈ ಚಾಚಿದರು. “ನನಗೂ ಸ್ವಲ್ಪ ಹೇಳಿಕೊಡು.”

ಆಕೆ ಹೇಳಿಕೊಟ್ಟರು. ಸಾಹೇಬರು ನಾಲಿಗೆ ಹೊರಚಾಚಿ, ಹುಬ್ಬು ಗಂಟಿಕ್ಕಿ ನಾಲ್ಕು ಸಾಲು ಹೆಣೆದರು. ಆಕೆ ಬೆಳಕಿಗೆ ಹಿಡಿದು ನೋಡಿದರೆ ಮಧ್ಯದಲ್ಲೊಂದು ತೂತು. ಅದರಲ್ಲಿ ಹೆಬ್ಬೆರಳು ತೂರುತ್ತಿತ್ತು.

“ಇಲ್ಲಿ ಮೂರು ಕುಣಿಕೆ ಎಲ್ಲಿ ರೀ?”

“ಅವನ್ನ ಬಿಟ್ಟೆ. ಬೇಗ ಆಗ್ಲಿ ಅಂತ.”

ಕನ್ನಡಕದಮ್ಮನಿಗೆ ಭಾನುವಾರದಿಂದ ಕಟ್ಟಿಕೊಂಡಿದ್ದ ನಗು ಅಲ್ಲಿ ಒಡೆಯಿತು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಸಾಹೇಬರು ನಗಲಿಲ್ಲ. “ಅವತ್ತು ನೀನು ಬೈಬೇಕಾಗಿತ್ತು,” ಅಂದರು ಮೆಲ್ಲಗೆ. “ಅಕ್ಕನಿಗೆ ಅಂತ ಎಷ್ಟು ಆಸೆಯಿಂದ ಹೆಣೆದಿದ್ದೆ.”

“ಚಿಕ್ಕವಳಿದ್ದಾಗ ನನ್ನ ಸ್ವೆಟರು ಗಿಡ್ಡ ಆದಾಗೆಲ್ಲ ಅಕ್ಕ ಬಿಚ್ತಿದ್ಳು,” ಅಂದರು ಆಕೆ. “ನಾನು ಹಾಳಾಯ್ತು ಅಂತ ಅಳೋಳು. ಅವ್ಳು ಅದೇ ನೂಲಿಗೆ ಇನ್ನಿಷ್ಟು ಸೇರಿಸಿ ದೊಡ್ಡದು ಹೆಣೆದು ಕೊಡೋಳು. ಬಿಚ್ಚಿದ್ದೆಲ್ಲ ಹಾಳಾಗಲ್ಲ ರೀ. ಈಗ ಸುಮ್ನೆ ಭೂಮಿ ತಿರುಗಿಸಿ.”

ತೂತನ್ನು ಸರಿಮಾಡಲು ಹೊತ್ತಿರಲಿಲ್ಲ. ಹಾಗೇ ಮುಂದುವರಿದರು.

ಮೂರನೇ ವಿಮಾನ ತಡವಾಗಿ ಹೊರಟಿತು. ಹೊರಟ ಮೇಲೆ ಸಿಕ್ಕಿದ್ದು ಎದುರುಗಾಳಿ. ಪೈಲಟ್ ಆ ಮಾತು ಹೇಳಿದಾಗ ಸಾಹೇಬರು ಅರೆಗಳಿಗೆ ಹೆಮ್ಮೆಯಿಂದ “ನಾನು ಹೇಳ್ಲಿಲ್ವಾ!” ಎಂದು ಸುತ್ತ ನೋಡಿದರು. ಹೆಂಡತಿಯ ಮುಖ ಕಂಡು ಹೆಮ್ಮೆ ಇಳಿಯಿತು. ಕಡ್ಡಿಗಳು ನಿಂತಿದ್ದವು.

“ನಾನು ಹೋಗದಿದ್ರೆ ಅವ್ಳು ಸಹಿ ಹಾಕಲ್ಲ ರೀ. ಹಟಮಾರಿ ಅವ್ಳು. ಹಡಗು ಹೊರಟುಹೋಗುತ್ತೆ. ಮತ್ತೆ ‘ಆಮೇಲೆ ನೋಡೋಣ’ ಅಂತಾಳೆ.”

ಇಳಿದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಸೂಟ್‌ಕೇಸು ಕೈಗೆ ಬಂದದ್ದೇ ಇಬ್ಬರೂ ಓಡಿದರು. ಮುಂದೆ ಸೂಟ್‌ಕೇಸು ಎಳೆಯುತ್ತ, ಕುತ್ತಿಗೆಗೆ ಅರ್ಧ ಶಾಲು ಸುತ್ತಿಕೊಂಡ ಕನ್ನಡಕದಮ್ಮ. ಹಿಂದೆ, ಅದೇ ಶಾಲಿನ ಎಳೆಗೆ ಕಟ್ಟುಬಿದ್ದು, ಭೂಮಿ ಹೊತ್ತ ಗಂಡ! ನಡುವಿನ ಎಳೆ ಹರಿಯಬಾರದೆಂದು ಸಾಹೇಬರು ಜೀವಮಾನದಲ್ಲಿ ಓಡದಷ್ಟು ವೇಗದಲ್ಲಿ ಓಡಿದರು. ಕಂಬಿಯಾಚೆ ಕಾದು ನಿಂತವರ ಗುಂಪಿನಿಂದ ಯಾರೋ ಏನೋ ಕೂಗಿದರು. ಕೇಳುವ ವ್ಯವಧಾನ ಯಾರಿಗಿತ್ತು?

ಟ್ಯಾಕ್ಸಿಯಲ್ಲಿ ಕೂತು ಸಾಹೇಬರು ಬಾಯಿ ತೆರೆಯುವ ಮೊದಲೇ ಕನ್ನಡಕದಮ್ಮ ಬೆರಳೆತ್ತಿದರು. “ಒಂದು ಮಾತೂ ಆಡ್ಬೇಡಿ. ದೊಡ್ಡ ರಸ್ತೇಲೇ ಹೋಗ್ಲಿ.”

ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ ಒಳನುಗ್ಗಿದರು. ಸಭಾಂಗಣ ಬಿಕೋ ಎನ್ನುತ್ತಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು.

“ಮದುವೆ...” ಅಂದರು ಕನ್ನಡಕದಮ್ಮ.

ಹೆಂಗಸು ಇಲ್ಲವೆಂದು ತಲೆಯಾಡಿಸಿ ಖಾಲಿ ಕುರ್ಚಿಗಳ ಕಡೆ ಕೈ ತೋರಿಸಿದಳು.

ಕನ್ನಡಕದಮ್ಮ ಅಲ್ಲೇ ಒದ್ದೆ ನೆಲದ ಅಂಚಿನಲ್ಲಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು. ಕುತ್ತಿಗೆಯ ಶಾಲನ್ನು ಬಿಚ್ಚಿ, ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡರು. ಸಾಹೇಬರಿಗೆ ಭೂಮಿ ಬಾಯಿ ತೆರೆದು ತಮ್ಮನ್ನು ನುಂಗಬಾರದೇ ಅನ್ನಿಸಿತು. ಆದರೆ ಭೂಮಿ ಅವರ ತೋಳಿನಲ್ಲೇ ಇತ್ತು. ಒಂದೇ ಒಂದು ಸಲ, ಶನಿವಾರ, ಆ ಹುಡುಗಿಗೆ “ಹೂಂ” ಅಂದಿದ್ದರೆ!

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು.

“ನಿಂತ್ಕೊಳ್ಳೇ, ಓಡುಬಡಕಿ! ಅಲ್ಲಿಂದ ಕೂಗ್ತಾ ಬರ್ತಿದೀನಿ, ಕಿವಿ ಕೇಳಲ್ವಾ ನಿನಗೆ?”

ಬಾಗಿಲಲ್ಲಿ ಅಕ್ಕ! ಬೆಳ್ಳಿ ಕೂದಲು ಕೆದರಿತ್ತು, ಎದೆ ಏರಿಳಿಯುತ್ತಿತ್ತು. ಹಿಂದೆ ದುಂಡಗಿನ ಗಡ್ಡದ ಮನುಷ್ಯರೊಬ್ಬರು ಗೋಡೆ ಹಿಡಿದುಕೊಂಡು ಉಸಿರಾಡಲು ಹೆಣಗುತ್ತಿದ್ದರು. ಷಡ್ಡಕ!

ಅಕ್ಕತಂಗಿಯರು ತಬ್ಬಿಕೊಂಡರು. ನೆಲ ಒರೆಸುವ ಹೆಂಗಸು ಕೆಲಸ ಬಿಟ್ಟು ನೋಡುತ್ತ ನಿಂತಳು.

“ಸಹಿ... ಆಗ್ಹೋಯ್ತಾ?”

“ಎಲ್ಲಿಯ ಸಹಿ? ಹಡಗಿನ ಇಂಜಿನ್ ಕೆಟ್ಟು ಕೂತಿದೆ. ಇವರು ಹೊರಡೋದು ಒಂದು ವಾರ ಮುಂದಕ್ಕೆ ಹೋಯ್ತು. ಹೇಗೂ ಪುರುಸೊತ್ತಿದೆ, ನೀವೂ ಸುಧಾರಿಸಿಕೊಳ್ಳಿ ಅಂತ ಮದುವೇನೂ ಮುಂದಿನ ಶುಕ್ರವಾರಕ್ಕೆ ಹಾಕಿಸಿದ್ವಿ. ಮಂಗಳವಾರ ರಾತ್ರಿಯಿಂದ ಫೋನ್ ಮಾಡ್ತಾ ಇದೀನಿ, ಎರಡು ಫೋನೂ ಸತ್ತುಬಿದ್ದಿವೆ! ಏರ್‌ಪೋರ್ಟಿಗೆ ಬಂದು ಕೂಗಿದ್ರೆ ಭೂಮಿ ಹೊತ್ಕೊಂಡು ಓಡ್ತಿದೀರ!”

“ಅಕ್ಕಾ,” ಅಂದರು ಕನ್ನಡಕದಮ್ಮ, ಬಿಕ್ಕುತ್ತ, ನಗುತ್ತ, “ಅಂದ್ರೆ ಇಡೀ ಒಂದು ವಾರ ನಿನ್ನ ಜೊತೆ ಇರಬಹುದಾ?”

ಶಾಲು ಅಕ್ಕನ ಹೆಗಲೇರಿತು. ಅದರ ಎಳೆ ಇನ್ನೂ ಸಾಹೇಬರ ತೋಳಿನ ಗೋಳಕ್ಕೆ ಕಟ್ಟಿಕೊಂಡೇ ಇತ್ತು. ಅಕ್ಕ ಶಾಲನ್ನು ಸವರಿ, ಮೂಸಿ, ಬೆಳಕಿಗೆ ಹಿಡಿದು ನೋಡಿದಳು. ತೂತಿನಲ್ಲಿ ಹೆಬ್ಬೆರಳು ತೂರಿಸಿದಳು.

“ಇದ್ಯಾರ ಕೈಚಳಕ?”

ಸಾಹೇಬರು ಭೂಮಿಯ ಹಿಂದೆ ಮುಖ ಮರೆಸಿಕೊಂಡರು. “ನಂದೇ.”

“ಇದೊಂದನ್ನ ಸರಿ ಮಾಡ್ಬೇಡ ಕಣೇ,” ಅಂದಳು ಅಕ್ಕ ತಂಗಿಗೆ. “ಉಳಿದದ್ದು ಬೆಚ್ಚಗಿಡುತ್ತೆ, ಇದು ನಗಿಸುತ್ತೆ.”

ಅಷ್ಟು ಸಿಕ್ಕಿದ್ದೇ ಸಾಕು, ಸಾಹೇಬರ ಎದೆ ಮತ್ತೆ ಉಬ್ಬಿತು. ಷಡ್ಡಕನ ಕಡೆ ತಿರುಗಿ ಗಂಟಲು ಸರಿಪಡಿಸಿಕೊಂಡರು. “ನೋಡಿ, ಖಂಡಾಂತರ ಪ್ರಯಾಣದಲ್ಲಿ ಒಂದು ತಾಸು ಮುಂಚೆ ತಲುಪಿಸಿದ್ರೇ ದೊಡ್ಡದು ಅಂತಾರೆ. ನಾನು ಒಂದು ವಾರ ಮುಂಚೆ ತಲುಪಿಸಿದೀನಿ! ಇದಕ್ಕಿಂತ ಬೇಗದ ದಾರಿ ಯಾರಾದ್ರೂ ಕಂಡುಹಿಡಿದಿದ್ದಾರಾ?”

ಷಡ್ಡಕ ಭಕ್ತಿಯಿಂದ ತಲೆಯಾಡಿಸಿದರು.

ಕನ್ನಡಕದಮ್ಮ ಅಕ್ಕನ ಹೆಗಲಿನಿಂದ ತಲೆಯೆತ್ತಿದರು. “ರೀ, ವಾಪಸ್ ಟಿಕೆಟ್ ಯಾವತ್ತಿಗೆ ತಗೊಂಡಿದ್ರಿ?”

ಸಾಹೇಬರು ಭೂಮಿಯನ್ನು ಒಂದು ತೋಳಿಗೆ ವರ್ಗಾಯಿಸಿ, ಜೇಬಿನಿಂದ ಟಿಕೆಟ್ ತೆಗೆದು ನೋಡಿದರು. ಮತ್ತೊಮ್ಮೆ ನೋಡಿದರು. ಎದೆ ಇಳಿಯಿತು, ಹೆಗಲು ಇಳಿಯಿತು, ಧ್ವನಿಯೂ ಇಳಿಯಿತು.

“...ಸೋಮವಾರಕ್ಕೆ. ಬೇಗ ಸಿಕ್ಕಿದ್ದು ಅದೇ ಆಗಿತ್ತು.”

ಕನ್ನಡಕದಮ್ಮ ಹತ್ತಿರ ಬಂದು, ಗಂಡನ ಕೈಯಿಂದ ಟಿಕೆಟ್ಟುಗಳನ್ನು ಮೆಲ್ಲಗೆ ತೆಗೆದುಕೊಂಡು ತಮ್ಮ ಸೂಟ್‌ಕೇಸಿಗೆ ಹಾಕಿಕೊಂಡರು. ನಗು ತಡೆಯಲಾಗದೆ ಅವರ ಕನ್ನಡಕವೇ ಕುಣಿಯುತ್ತಿತ್ತು.

“ಇದನ್ನ ನಾನು ನೋಡ್ಕೋತೀನಿ. ನೀವು ಭೂಮಿ ಹಿಡ್ಕೊಂಡು ಸುಮ್ನೆ ಅಲ್ಲಿ ಕೂತಿರಿ.”